ಮೂರು ಪರದೆ, ಒಂದು ಅಳಿವೆ

ನೇತ್ರಾವತಿ, ಗುರುಪುರ ಹೊಳೆಗಳು ಕಡಲು ಸೇರುವ ಅಳಿವೆಯಲ್ಲಿ ಅಲೆ ಹೇಗೆ ಏಳುತ್ತದೆ, ಮರಳು ಎಲ್ಲಿ ಕೂರುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಅದನ್ನು ಚಿತ್ರವಾಗಿ ನೋಡುವುದು ಪ್ಯಾರಾವ್ಯೂ ಎಂಬ ಸಾಫ್ಟ್‌ವೇರಿನಲ್ಲಿ. ಒಬ್ಬನಿಗೆ ಒಂದು ಮಾನಿಟರ್ ಸಾಕು. ಸುರತ್ಕಲ್‌ನ ನಮ್ಮ ಕೋಣೆಗೆ ಆರೇಳು ಮಂದಿ ಬಂದರೆ ಹಿಂದೆ ನಿಂತವರಿಗೆ ಏನೂ ಕಾಣುತ್ತಿರಲಿಲ್ಲ.

ನಾಲ್ಕು ಮಾನಿಟರ್ ಜೋಡಿಸಿದೆ, ಎರಡರ ಮೇಲೆ ಎರಡು. ಪ್ಯಾರಾವ್ಯೂನ ಸರ್ವರ್ ಭಾಗವಾದ ಪಿವಿಸರ್ವರ್ ಅನ್ನು, ಕೆಲಸವನ್ನು ಹಲವು ಪ್ರೊಸೆಸ್‌ಗಳಿಗೆ ಹಂಚುವ ಎಂಪಿಐ ಮೂಲಕ 4 ಪ್ರೊಸೆಸ್ ಆಗಿ ಓಡಿಸಿ, ಟೈಲ್ ಅಳತೆ (ಅಡ್ಡಕ್ಕೆ ಎಷ್ಟು ಪರದೆ, ಉದ್ದಕ್ಕೆ ಎಷ್ಟು) 2 ಮತ್ತು 2 ಎಂದು ಕೊಟ್ಟರೆ ಒಂದೊಂದು ಪರದೆಗೆ ಚಿತ್ರದ ಒಂದೊಂದು ತುಂಡು ಬರುತ್ತದೆ. ಮೊದಲ ದಿನ ಕನೆಕ್ಷನ್ನೇ ಆಗಲಿಲ್ಲ. ಲ್ಯಾಪ್‌ಟಾಪಿನಲ್ಲಿ ಪ್ಯಾರಾವ್ಯೂ 5.11, ಸರ್ವರಿನಲ್ಲಿ 5.10 ಇತ್ತು. ಎರಡೂ ಕಡೆ ಒಂದೇ ಆವೃತ್ತಿ ಇರಬೇಕು.

ಚಿತ್ರ ಬಂದಾಗ ಅಳಿವೆಯ ಬಾಗಿಲು ನಾಲ್ಕು ಪರದೆ ಸೇರುವ ಮೂಲೆಯಲ್ಲೇ ಬಿತ್ತು. ಮಾನಿಟರ್ ಚೌಕಟ್ಟಿನ ದಪ್ಪವನ್ನು ಪಿಕ್ಸೆಲ್ ಲೆಕ್ಕದಲ್ಲಿ ಮುಲಿಯನ್ (ಪರದೆಗಳ ನಡುವಿನ ಅಂತರ) ಆಯ್ಕೆಗೆ ಕೊಟ್ಟೆ. ದಡದ ಗೆರೆ ನೇರವಾಯಿತು, ಆದರೆ ಚೌಕಟ್ಟಿನ ಹಿಂದಿನ ಭಾಗ ಮಾಯ. ನಾವು ನೋಡಬೇಕಾದ್ದೇ ಅದು, ಅಲ್ವಾ? ಒಂದನ್ನು ತೆಗೆದು ಮೂರನ್ನು ಸಾಲಾಗಿ ಇಟ್ಟೆ. ಅಳಿವೆ ನಡುವಿನ ಪರದೆಗೆ ಬಂತು. ಇಂಥ ಕೆಲಸಕ್ಕೆ ಬೆಸ ಸಂಖ್ಯೆಯೇ ಒಳ್ಳೆಯದು.

ಆ ವಾರ ಬೋಟಿನಲ್ಲಿ ದುಡಿದು ಪಳಗಿದ ಹಿರಿಯರೊಬ್ಬರು ಬಂದಿದ್ದರು. ಸುಮಾರು ಹೊತ್ತು ಸುಮ್ನೆ ನೋಡಿದರು.

"ಇದು ಯಾವ ಊರು ಮಾರಾಯ್ರೆ?"

"ನಮ್ಮ ಅಳಿವೆಯೇ ಅಣ್ಣ."

"ನಾವು ನೋಡುವುದು ಕಡಲಿನಿಂದ ಅಲ್ವಾ?"

ಉತ್ತರ ದಿಕ್ಕನ್ನು ಮೇಲಿಟ್ಟು ನೋಡುವ ಅಭ್ಯಾಸ ನನಗೆ. ಕ್ಯಾಮೆರಾ ತಿರುಗಿಸಿ ಪೂರ್ವವನ್ನು ಮೇಲೆ ತಂದೆ. ಎಡಕ್ಕೆ ಬೆಂಗ್ರೆ, ಬಲಕ್ಕೆ ಉಳ್ಳಾಲ. ಅವರು ಎದ್ದು ಬಂದು ಪರದೆಯ ಮೇಲೆ ಬೆರಳಿಟ್ಟರು. "ಇಲ್ಲಿ ಬೋಟಿನ ಅಡಿ ತಾಗ್ತದೆ." ನಮ್ಮ ಲೆಕ್ಕದಲ್ಲಿ ಅಲ್ಲಿ ಆಳ ಜಾಸ್ತಿ ಇತ್ತು. ಹಾಕಿದ್ದು ಹಳೆಯ ಅಳತೆ. ಮೂರು ತಿಂಗಳು ಅದೇ ಚಿತ್ರ ನೋಡಿದ್ದ ನಮಗ್ಯಾರಿಗೂ ಇದು ಹೊಳೆದಿರಲಿಲ್ಲ.

ಹೊಸ ಅಳತೆ ಹಾಕಿ ಮತ್ತೆ ಓಡಿಸಿದೆವು. ಈ ಸಲ ಮಲ್ಪೆಯಲ್ಲಿದ್ದ ಗೆಳೆಯನೂ ನೋಡಬೇಕಿತ್ತು. ಮೂರು ಪರದೆಯ ಜೋಡಣೆ ಬಿಟ್ಟು, ಹಲವರು ಒಟ್ಟಿಗೆ ಸೇರಬಹುದಾದ ಮಲ್ಟಿ ಕ್ಲೈಂಟ್ಸ್ ಆಯ್ಕೆಯಲ್ಲಿ ಸರ್ವರನ್ನು ಬೇರೆಯಾಗಿ ಶುರು ಮಾಡಿದೆ. ಅದರಲ್ಲಿ ಒಂದು ಹೊತ್ತಿಗೆ ಒಬ್ಬನೇ ಮಾಸ್ಟರ್. ಉಳಿದವರು ನೋಡಬಹುದು, ಬದಲಿಸಲು ಆಗುವುದಿಲ್ಲ. ಬೇಕಾದಾಗ ಆ ಅಧಿಕಾರವನ್ನು ಇನ್ನೊಬ್ಬರಿಗೆ ಕೊಡಬಹುದು. ಮೌಸ್ ಪಾಯಿಂಟರ್ ಹಂಚಿಕೊಳ್ಳುವ ಆಯ್ಕೆಯನ್ನೂ ಹಾಕಿದೆ.

ಹಿರಿಯರು ಪಕ್ಕದಲ್ಲಿ ಕೂತು ಹೇಳಿದ ಕಡೆಗೆ ಮೌಸ್ ಒಯ್ದೆ. "ಹಾಂ, ಅಲ್ಲೇ" ಎಂದರು. ಮಲ್ಪೆಯ ಪರದೆಯಲ್ಲೂ ಬಾಣ ಅದೇ ಮರಳ ದಿಬ್ಬದ ಮೇಲೆ ನಿಂತಿತ್ತು.