ಹಿತ್ತಲಿನ ಈಜುಕೊಳ: ಎರೆಭೂಮಿಯಲ್ಲಿ ಹಾಸುಗಲ್ಲು ಮತ್ತು ಗಿಡಗಳ ಆಯ್ಕೆ

ಹುಬ್ಬಳ್ಳಿಯ ಪೂರ್ವ ಭಾಗದಲ್ಲಾಗಲಿ ಗದಗಿನ ಕಡೆಯಲ್ಲಾಗಲಿ ಹಿತ್ತಲಿನಲ್ಲಿ ಈಜುಕೊಳ ಕಟ್ಟಿಸುವವರು ಕಲ್ಲಿನ ಬಣ್ಣಕ್ಕಿಂತ ಮೊದಲು ಅದರ ಕೆಳಗಿನ ಮಣ್ಣನ್ನು ನೋಡಬೇಕು. ಅಲ್ಲಿನ ಎರೆಮಣ್ಣು, ಅಂದರೆ ಕಪ್ಪು ಜೇಡಿಮಣ್ಣು, ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುವುದರಿಂದ, ಅದರ ಮೇಲೆ ನೇರವಾಗಿ ಹಾಸಿದ ಕಲ್ಲು ಎಷ್ಟೇ ದಪ್ಪವಿದ್ದರೂ ಏರುಪೇರಾಗುತ್ತದೆ. ಕೊಳದ ಸುತ್ತ ಕನಿಷ್ಠ ಒಂದೂವರೆ ಅಡಿ ಎರೆಯನ್ನು ತೆಗೆಸಿ, ಗರಸನ್ನು (ಕಲ್ಲುಹರಳು ಬೆರೆತ ಗಟ್ಟಿ ಮಣ್ಣನ್ನು) ಪದರಪದರವಾಗಿ ಹಾಕಿ, ನೀರುಣಿಸಿ ಗಟ್ಟಿಯಾಗಿ ಬಡಿಸಬೇಕು. ಧಾರವಾಡದ ಕೆಂಪು ಮಣ್ಣಿನಲ್ಲಿ ಈ ತೊಂದರೆ ಕಡಿಮೆ. ಕೊಳದ ಗೋಡೆಯ ವಿನ್ಯಾಸವನ್ನು ಮಾತ್ರ ಎಲ್ಲಿದ್ದರೂ ಎಂಜಿನಿಯರರಿಗೇ ಬಿಡುವುದು ಒಳ್ಳೆಯದು.

ಶಹಾಬಾದ್ ಕಲ್ಲು ಅಗ್ಗವೆಂದು ಹೆಚ್ಚಿನವರು ಅದನ್ನೇ ಕೇಳುತ್ತಾರೆ. ಆದರೆ ಅದು ಸುಣ್ಣಕಲ್ಲಾದ್ದರಿಂದ ಕೊಳ ತೊಳೆಯುವ ಆಮ್ಲ ಬಿದ್ದಲ್ಲಿ ಸವೆಯುತ್ತದೆ, ನಯ ಮಾಡಿಸಿದರಂತೂ ಒದ್ದೆ ಕಾಲಿಗೆ ಜಾರುತ್ತದೆ. ನನ್ನ ಮಟ್ಟಿಗೆ ಒರಟು ಮೇಲ್ಮೈಯ ಇಳಕಲ್ ಗ್ರಾನೈಟ್ ಉತ್ತಮ. ಕಪ್ಪು ಕಲ್ಲನ್ನು ಏಪ್ರಿಲ್ ಬಿಸಿಲಿನಲ್ಲಿ ಬರಿಗಾಲಲ್ಲಿ ತುಳಿಯಲಾಗದು. ಹಾಸುವಾಗ ಪ್ರತಿ ಮೀಟರಿಗೆ 2 ಸೆಂ.ಮೀ.ನಂತೆ ಕೊಳದಿಂದ ಹೊರಕ್ಕೆ ಇಳಿಜಾರು ಕೊಟ್ಟರೆ ಮಳೆಯ ಕೆಸರು ಒಳಗೆ ಬರುವುದಿಲ್ಲ.

ಗಿಡಗಳಲ್ಲಿ ಲಾವಂಚಕ್ಕೆ ಮೊದಲ ಸ್ಥಾನ: ಬೇರು ಬದಿಗೆ ಹರಡದೆ ಆಳಕ್ಕಿಳಿಯುತ್ತದೆ, ಬರವನ್ನೂ ತಾಳಿಕೊಳ್ಳುತ್ತದೆ. ಲೋಳೆಸರವೂ ಆಗಬಹುದು, ಆದರೆ ನೀರು ನಿಲ್ಲದ ಕಡೆ ನೆಡಬೇಕು. ಕಣಗಿಲೆ ಎಂಥ ಬಿಸಿಲಿಗೂ ಜಗ್ಗದು. ಅದರ ಪ್ರತಿ ಭಾಗವೂ ವಿಷವಾದ್ದರಿಂದ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬೇಡ. ಆಲ, ಅತ್ತಿ, ಅರಳಿ ಜಾತಿಯ ಯಾವ ಗಿಡವನ್ನೂ ಕೊಳದ ಹತ್ತಿರ ಬೆಳೆಯಲು ಬಿಡಬಾರದು, ತಾನಾಗಿ ಹುಟ್ಟಿದ ಸಸಿಯನ್ನೂ ಬೇರುಸಹಿತ ಕೀಳಿಸಬೇಕು.