ನಮ್ಮೂರ ಬಿಸಿಲೇ ಬೇರೆ, ದುಬೈ ಬಿಸಿಲೇ ಬೇರೆ

"ರಾಯಚೂರಿನ ಬಿಸಿಲು ಕಂಡವರಿಗೆ ಇದ್ಯಾವ ಲೆಕ್ಕ?" ದುಬೈ ಸೈಟಿಗೆ ಹೊಸದಾಗಿ ಬಂದ ನಮ್ಮ ಹುಡುಗರು ಹೀಗೆ ಹೇಳಿದಾಗಲೆಲ್ಲ ನನಗೆ ಭಯವಾಗುತ್ತದೆ. ರಾಯಚೂರು, ಕಲಬುರಗಿಯದ್ದು ಒಣ ಬಿಸಿಲು. ಬೆವರು ಬೇಗ ಆರುತ್ತದೆ, ಆರುವಾಗ ಮೈಯ ಕಾವನ್ನೂ ಇಳಿಸುತ್ತದೆ. ಇಲ್ಲಿ ಆಗಸ್ಟ್ ಬಂತೆಂದರೆ 40 ಡಿಗ್ರಿ ದಾಟಿದ ಬಿಸಿಲಿಗೆ ಕಡಲಿನ ತೇವವೂ ಸೇರಿಕೊಳ್ಳುತ್ತದೆ. ಬೆವರು ಸುಮ್ಮನೆ ಸುರಿಯುತ್ತದೆ, ಕಾವು ಒಳಗೇ ಉಳಿಯುತ್ತದೆ.

ಹಾಗಾಗಿ ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಯಲಿನಲ್ಲಿ, ನೇರ ಬಿಸಿಲಿಗೆ ಕೆಲಸ ಮಾಡಿಸುವಂತಿಲ್ಲ. ಫೋರ್ಮನ್ ಮನಸ್ಸು ಮಾಡಿದರೆ ಮಾತ್ರ ಸಿಗುವ ವಿಶ್ರಾಂತಿ ಇದು ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ನಿಯಮ ಮುರಿದ ಕಂಪನಿಗೆ ಒಬ್ಬ ಕೆಲಸಗಾರನಿಗೆ 5,000 ದಿರ್ಹಮ್‌ನಂತೆ, ಗರಿಷ್ಠ 50,000 ದಿರ್ಹಮ್ ದಂಡ ಬೀಳುತ್ತದೆ. ನೆರಳು, ತಣ್ಣೀರು, ಪ್ರಥಮ ಚಿಕಿತ್ಸೆಯ ಸಾಮಾನು ಕೊಡುವುದೂ ಕಂಪನಿಯ ಹೊಣೆ. ನಡುವೆ ನಿಲ್ಲಿಸಲಾಗದ ಕಾಂಕ್ರೀಟ್, ಡಾಂಬರು, ನೀರು-ಕರೆಂಟ್ ಲೈನಿನ ತುರ್ತು ದುರಸ್ತಿಯಂಥ ಕೆಲಸಗಳಿಗೆ ವಿನಾಯಿತಿ ಇದೆ. ಆದರೆ ಆಗಲೂ ನೀರು, ನೆರಳು ಕೊಡಲೇಬೇಕು.

ಊರಿಂದ ಬಂದ ಮೊದಲ ಒಂದೆರಡು ವಾರ ಅತ್ಯಂತ ಅಪಾಯದ್ದು, ಮೈಗೆ ಇಲ್ಲಿನ ಕಾವು ಇನ್ನೂ ಒಗ್ಗಿರುವುದಿಲ್ಲ. ರಜೆ ಮುಗಿಸಿ ಮರಳಿದ ಹಳಬರಿಗೂ ಇದೇ ಮಾತು. ಮೊದಲ ದಿನವೇ ಹಳಬರ ಸಮ ದುಡಿದು ತೋರಿಸಲು ಹೋಗಬೇಡಿ. ಬಾಯಾರಿಕೆಗೆ ಕಾಯದೆ ಆಗಾಗ ನೀರು ಕುಡಿಯಿರಿ. ಮೂತ್ರ ಗಾಢ ಹಳದಿಯಾದರೆ ಕುಡಿದದ್ದು ಸಾಲದು ಎಂದೇ ಅರ್ಥ. ಬೇಸಿಗೆ ಬೇಸಿಗೆ ಹೀಗೇ ಮೈ ಒಣಗಿಸಿಕೊಂಡರೆ ಕಿಡ್ನಿ ಹಾಳಾಗಬಹುದು. ಎನರ್ಜಿ ಡ್ರಿಂಕ್ ಡಬ್ಬಿಗೆ ಹಾಕುವ ದುಡ್ಡಿಗೆ ಗ್ರೋಸರಿಯಲ್ಲಿ ಲಬನ್ ಸಿಗುತ್ತದೆ, ನಮ್ಮ ಮಜ್ಜಿಗೆಯ ನೆಂಟ. ಚಿಟಿಕೆ ಉಪ್ಪು ಹಾಕಿ ಕುಡಿಯಿರಿ.

ಜೊತೆಗಾರ ತಡವರಿಸಿ ಮಾತಾಡಿದರೆ, ಕೇಳಿದ್ದಕ್ಕೆ ಅಡ್ಡಾದಿಡ್ಡಿ ಉತ್ತರ ಕೊಟ್ಟರೆ ಅದನ್ನು ಸುಸ್ತು ಎಂದು ಬಿಡಬೇಡಿ, ಬಿಸಿಲಿನ ಆಘಾತ (ಹೀಟ್ ಸ್ಟ್ರೋಕ್) ಇರಬಹುದು. ಕೂಡಲೇ 998ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವ ತನಕ ನೆರಳಿಗೆ ತಂದು ಬಟ್ಟೆ ಸಡಿಲಿಸಿ, ಮೈತುಂಬ ನೀರು ಸುರಿದು ಗಾಳಿ ಬೀಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ.

ಆಸ್ಪತ್ರೆಯಲ್ಲಿ "ಎಲ್ಲಿ, ಎಷ್ಟು ಗಂಟೆಗೆ, ಯಾವ ಕೆಲಸ ಮಾಡುವಾಗ" ಎಂಬುದನ್ನು ವೈದ್ಯರಿಗೆ ಹೇಳಿ ಬರೆಸಿ. ಕೆಲಸದಿಂದಾದ ಪೆಟ್ಟು ಎಂದಾದರೆ ಚಿಕಿತ್ಸೆಯ ಖರ್ಚು ಕಂಪನಿಯದು, ಚಿಕಿತ್ಸೆ ನಡೆಯುವಾಗ 6 ತಿಂಗಳವರೆಗೆ ಪೂರ್ತಿ ಸಂಬಳ. ಮಾಮೂಲಿ ಕಾಯಿಲೆಯಾದರೆ, ಪ್ರೊಬೇಷನ್ ಮುಗಿಸಿದವರಿಗೆ ವರ್ಷಕ್ಕೆ 15 ದಿನ ಪೂರ್ತಿ, ನಂತರದ 30 ದಿನ ಅರ್ಧ ಸಂಬಳ. 2025ರ ಜನವರಿಯಿಂದ ಏಳೂ ಎಮಿರೇಟ್‌ಗಳಲ್ಲಿ ಆರೋಗ್ಯ ವಿಮೆ ಕಡ್ಡಾಯ, ಅದರ ಕಂತು ಕಂಪನಿ ಕಟ್ಟಬೇಕು. ನಿಮ್ಮ ಸಂಬಳದಲ್ಲಿ ಹಿಡಿದಿದ್ದರೆ ಪ್ರಶ್ನಿಸಿ.

"ದೂರು ಕೊಟ್ಟರೆ ವೀಸಾ ಕ್ಯಾನ್ಸಲ್" ಎಂಬ ಹೆದರಿಕೆ ಕ್ಯಾಂಪ್ ತುಂಬ ಇದೆ, ಆ ಹೆದರಿಕೆ ನನಗೂ ಅರ್ಥವಾಗುತ್ತದೆ. ಊರಲ್ಲಿ ಸಾಲ ಇಟ್ಟು ಬಂದವರು ನಾವು. ಆದರೆ ಕಾರ್ಮಿಕ ಸಚಿವಾಲಯಕ್ಕೆ ನಿಜವಾದ ದೂರು ಕೊಟ್ಟದ್ದಕ್ಕೇ ಕೆಲಸದಿಂದ ತೆಗೆದರೆ, 3 ತಿಂಗಳ ಸಂಬಳದವರೆಗೆ ಪರಿಹಾರ ಕೊಡಿಸಲು ಕಾನೂನಿನಲ್ಲಿ ಅವಕಾಶವಿದೆ. ಮಧ್ಯಾಹ್ನದ ವಿಶ್ರಾಂತಿ ಕೊಡದಿದ್ದರೆ ಕಾರ್ಮಿಕ ಸಚಿವಾಲಯದ 600590000ಕ್ಕೆ ಫೋನ್ ಮಾಡಿ, ಹಿಂದಿಯಲ್ಲೂ ಮಾತಾಡಬಹುದು. ಭಾರತೀಯ ದೂತಾವಾಸದ ನೆರವಿಗೆ 80046342. ಎರಡನ್ನೂ ಇವತ್ತೇ ಮೊಬೈಲಿನಲ್ಲಿ ಸೇವ್ ಮಾಡಿ, ರೂಮಿನ ಗೋಡೆಯ ಮೇಲೂ ಬರೆದಿಡಿ.