ಮೃಗಶಿರದ ಮೋಡ, ಆರಿದ್ರೆಯ ನೀರು

ಮೂಡಿಗೆರೆ ತಾಲೂಕಿನ ಒಂದು ಮೂಲೆ. ಆರು ಮನೆ, ಕರೆಂಟ್ ಲೈನ್ ಇಲ್ಲ. ಮನೆ ಹಿಂದೆಯೇ ಹಳ್ಳ ಇತ್ತು. ಆರೂ ಮನೆಗೆ ಕರೆಂಟ್ ಕೊಡಲು ಮಳೆಗಾಲಕ್ಕೆ ಹಳ್ಳದ ನೀರಿನಿಂದ ತಿರುಗುವ ಟರ್ಬೈನ್, ಬೇಸಿಗೆಗೆ ಸೋಲಾರ್ ಎಂದು ಲೆಕ್ಕ ಹಾಕಿದೆ.

ಆಗಸ್ಟಿನಲ್ಲಿ ಹಳ್ಳ ಅಳೆದೆ. ಪೈಪಿನ ಬಾಯಿಗೆ 200 ಲೀಟರ್ ಡ್ರಮ್ ಇಟ್ಟರೆ 20 ಸೆಕೆಂಡಿಗೆ ತುಂಬಿತು. ಅಂದರೆ ಸೆಕೆಂಡಿಗೆ 10 ಲೀಟರ್. ನೀರು ತುಂಬಿದ ಪಾರದರ್ಶಕ ಟ್ಯೂಬ್ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಇಳಿದು ನೋಡಿದಾಗ ನೀರು ಬೀಳುವ ಎತ್ತರ 18 ಮೀಟರ್. ಎರಡನ್ನೂ ಗುಣಿಸಿ, ಗುರುತ್ವದ ಲೆಕ್ಕಕ್ಕೆ ಮತ್ತೆ ಸುಮಾರು ಹತ್ತರಿಂದ ಗುಣಿಸಿದರೆ 1,800 ವ್ಯಾಟ್. ಪೈಪು, ಟರ್ಬೈನ್, ಜನರೇಟರ್ ತಿಂದು ಉಳಿಯೋದು ಅದರಲ್ಲಿ ಅರ್ಧ. ಆದರೂ ದಿನಕ್ಕೆ 21 ಯೂನಿಟ್! ಆರೂ ಮನೆಗೆ ಸೇರಿ ಬೇಕಿದ್ದದ್ದು ನಾಲ್ಕೇ ಯೂನಿಟ್.

ಮಾರ್ಚಿಗೆ ಹಳ್ಳ ಒಣಗಿತು. ಅದು ಗೊತ್ತಿದ್ದದ್ದೇ. 330 ವ್ಯಾಟಿನ ನಾಲ್ಕು ಪ್ಯಾನೆಲ್, 150 ಆಂಪಿಯರ್-ಅವರ್ (Ah) ಸಾಮರ್ಥ್ಯದ ನಾಲ್ಕು ಬ್ಯಾಟರಿ ಬೇಸಿಗೆಯನ್ನು ಸುಲಭವಾಗಿ ದಾಟಿಸಿದವು. ಸಿಕ್ಕಿಬಿದ್ದದ್ದು ಜೂನಿನಲ್ಲಿ. ಮೋಡ ಕವಿಯಿತು, ಪ್ಯಾನೆಲ್ ದಿನಕ್ಕೆ ಒಂದು ಯೂನಿಟ್ ಕೊಟ್ಟರೆ ಹೆಚ್ಚು. ಒಣಗಿದ ನೆಲ ಮೊದಲ ಮಳೆಯನ್ನೆಲ್ಲ ಕುಡಿಯಿತು, ಹಳ್ಳಕ್ಕೆ ಬರಲೇ ಇಲ್ಲ. ಐದು ರಾತ್ರಿ ಚಿಮಣಿ ದೀಪ.

"ಅಲ್ಲ ಮಾರಾಯ್ರೆ, ಮೃಗಶಿರದಲ್ಲಿ ಮೋಡ, ಹಳ್ಳ ಏರೋದು ಆರಿದ್ರ ಹಿಡಿದ ಮೇಲೆ. ಕೇಳಿದ್ರೆ ಹೇಳ್ತಿದ್ದೆ" ಎಂದರು ಪಕ್ಕದ ಮನೆಯ ಅಜ್ಜ. ನಾನು ಡ್ರಮ್ಮನ್ನು ಕೇಳಿದ್ದೆ, ಅವರನ್ನು ಕೇಳಿರಲಿಲ್ಲ.

ಬ್ಯಾಟರಿ ಹೆಚ್ಚಿಸೋಣ ಎಂಬುದೇ ಎಲ್ಲರ ಸಲಹೆ. ನನಗೆ ಹಿಡಿಸಲಿಲ್ಲ. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಿದರೆ ಬೇಗ ಸಾಯುತ್ತದೆ. ಚೆನ್ನಾಗಿ ನೋಡಿಕೊಂಡರೂ ನಾಲ್ಕೈದು ವರ್ಷ. ಪ್ಯಾನೆಲ್ 25 ವರ್ಷ ಬಾಳುತ್ತದೆ. ಇನ್ನೂ ನಾಲ್ಕು ಪ್ಯಾನೆಲ್ ಹಾಕಿಸಿದೆ. ಮೋಡದಲ್ಲೂ ಎರಡು ಯೂನಿಟ್ ಬರುವಂತಾಯಿತು. ಮೋಡ ಕವಿದು ಹಳ್ಳ ಏರುವ ತನಕದ ಎರಡು ಮೂರು ವಾರ ಟಿವಿ ಬಂದ್, ಮನೆಗೆ ಒಂದೇ ಬಲ್ಬು ಎಂದು ಆರೂ ಮನೆಯವರೇ ಕೂತು ತೀರ್ಮಾನ ಮಾಡಿದರು.

ಜುಲೈಯಲ್ಲಿ ತಲೆನೋವು ಉಲ್ಟಾ. ಉರಿಸಲು ಲೋಡ್ ಇಲ್ಲದಿದ್ದರೆ ಟರ್ಬೈನ್ ಹುಚ್ಚು ಹಿಡಿದಂತೆ ತಿರುಗುತ್ತದೆ. ಹಾಗಾಗಿ ಕಂಟ್ರೋಲರ್ ಮಿಕ್ಕ ಕರೆಂಟನ್ನು ಬಚ್ಚಲಿನ ಹಂಡೆಯ ಹೀಟರಿಗೆ ತಿರುಗಿಸುತ್ತದೆ. ಸೌದೆ ಒದ್ದೆಯಾಗಿರುವ ಕಾಲ ಅಲ್ವಾ? ಈಗ ಬಲ್ಬು ಹೋದರೆ ಫೋನ್ ಬರುವುದಿಲ್ಲ. ಪೈಪಿನ ಬಾಯಿಗೆ ಎಲೆ ಕಟ್ಟಿ ಹಂಡೆ ತಣ್ಣಗಾದರೆ ಆರು ಮನೆಯಿಂದಲೂ ಬರುತ್ತದೆ.